ಸೇರು ಯಾರ ಕೈಯಲ್ಲಿತ್ತು?

ಜೀತ ಎಂಬ ಪದಕ್ಕೆ ಹಿಂದೆ ಸಂಬಳ ಎಂಬ ಅರ್ಥವೇ ಇತ್ತು. ಸಂಸ್ಕೃತದ ‘ಜೀವಿತ’ ಕನ್ನಡದ ಬಾಯಲ್ಲಿ ಸವೆದು ಜೀತವಾಯಿತು. ದುಡಿದವನು ಬದುಕಿಕೊಳ್ಳಲೆಂದು ಕೊಡುವ ಪ್ರತಿಫಲ ಅದು. ಹಳೆಯ ಶಾಸನಗಳಲ್ಲಿ ಅಧಿಕಾರಿಗಳಿಗೆ ಜೀವಿತವೆಂದು ಭೂಮಿ ಬಿಟ್ಟುಕೊಟ್ಟ ಮಾತು ಬರುತ್ತದೆ. ಇಂದು ಜೀತ ಎಂದರೆ ಯಾರಿಗೂ ಸಂಬಳ ನೆನಪಾಗುವುದಿಲ್ಲ, ಸೆರೆ ನೆನಪಾಗುತ್ತದೆ. ಸಂಬಳದ ಮಾತು ಸೆರೆಯ ಅರ್ಥಕ್ಕೆ ಇಳಿಯಬೇಕಾದರೆ ನಡುವೆ ಎಷ್ಟು ತಲೆಮಾರುಗಳು ದುಡಿದು ಮಣ್ಣಾಗಿರಬೇಕು?

ಬಿಟ್ಟಿ ಎಂಬ ಪದದ್ದೂ ಇಂಥದೇ ಕಥೆ. ಮೂಲದ ‘ವಿಷ್ಟಿ’ ಎಂದರೆ ರಾಜನಿಗೋ ಊರೊಡೆಯನಿಗೋ ಪ್ರಜೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಿದ್ದ ಕೆಲಸ. ದಾನ ಕೊಟ್ಟ ಊರುಗಳಿಗೆ ಬಿಟ್ಟಿಯಿಂದ ವಿನಾಯಿತಿ ಇತ್ತೆಂದು ಶಾಸನಗಳು ಹೇಳುತ್ತವೆ. ವಿನಾಯಿತಿಯನ್ನು ಕಲ್ಲಿನಲ್ಲಿ ಕೊರೆಯಿಸಬೇಕಾಯಿತೆಂದರೆ ಉಳಿದ ಊರುಗಳಲ್ಲಿ ಅದು ನಡೆದೇ ಇತ್ತೆಂದು ಅರ್ಥ. ಈಗ ಅಂಗಡಿಯಲ್ಲಿ ಏನೋ ‘ಬಿಟ್ಟಿ ಸಿಕ್ಕಿತು’ ಎಂದು ಖುಷಿಪಡುವವರು ಬಳಸುವುದು ಅದೇ ಮಾತನ್ನು. ಕೊಡುವವನ ಬೆವರು ಮರೆತುಹೋಗಿ, ಪಡೆಯುವವನ ಲಾಭವಷ್ಟೇ ಅದರಲ್ಲಿ ಉಳಿದಿದೆ.

ಈ ಮಾತುಗಳ ಹಿಂದಿನ ಬದುಕು ನಮ್ಮ ಸೀಮೆಯದೂ ಹೌದು. ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಕಾಸರಗೋಡಿನ ಕಡೆಗೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಕುಂಜತ್ತೂರು. ಪಡುವಣಕ್ಕೆ ಕಣ್ವತೀರ್ಥದ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66, ಮೂಡಣಕ್ಕೆ ತೋಟ, ಗುಡ್ಡೆ, ಅಲ್ಲಲ್ಲಿ ಉಳಿದ ಗದ್ದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿಗಳನ್ನು ಒಂದೇ ದಿನದಲ್ಲಿ ಆಡುವ ಜನ. ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು, ದೋಣಿಗೆ ಹೋಗುವ ಗಂಡಸರು, ಕಟ್ಟಡದ ಕೆಲಸಕ್ಕೆಂದು ಬಂಗಾಳದಿಂದಲೋ ಒಡಿಶಾದಿಂದಲೋ ಬಂದ ಹುಡುಗರು. 1956ರ ನವೆಂಬರ್ 1ರವರೆಗೆ ಈ ನೆಲವೆಲ್ಲ ದಕ್ಷಿಣ ಕನ್ನಡ ಜಿಲ್ಲೆಯದೇ. ಹಾಗಾಗಿ ತುಳುನಾಡಿನ ಗದ್ದೆಯಾಳುಗಳ ಚರಿತ್ರೆ ಗಡಿಯ ಈಚೆಗೂ ಆಚೆಗೂ ಒಂದೇ.

ಪ್ರಾಚೀನ ಕಾಲದ ದುಡಿಮೆ ಎಂದಾಗ ಜನರ ಕಣ್ಣಿಗೆ ಬರುವುದು ಸಿನಿಮಾದ ಪಿರಮಿಡ್ಡು, ಕಲ್ಲು ಎಳೆಯುವ ಬೆನ್ನುಗಳು, ಚಾವಟಿ. ಅಷ್ಟು ದೂರ ಹೋಗಬೇಕಿಲ್ಲ. ಕರಾವಳಿಯ ಗದ್ದೆಗಳಲ್ಲಿ ಆ ಪ್ರಾಚೀನ ಕಾಲ ಮುಗಿದದ್ದು ಈಗ ಬದುಕಿರುವ ಅಜ್ಜಿಯರ ಕಣ್ಣೆದುರಿಗೆ.

ಮೂಲದಾಳು ಎಂದರೆ ಜಮೀನಿಗೆ ಅಂಟಿದ ಆಳು. ಭೂಮಿ ಕೈ ಬದಲಾದರೆ ಅವನೂ ಅವನ ಮನೆಮಂದಿಯೂ ಭೂಮಿಯೊಡನೆ ಹೊಸ ಧಣಿಯ ಪಾಲಾಗುತ್ತಿದ್ದರು. ಸಾಲದಿಂದ ಸಿಕ್ಕಿಕೊಂಡವರ ದಾರಿ ಬೇರೆ. ಮದುವೆಯ ಖರ್ಚಿಗೆ ಧಣಿ ಕೊಟ್ಟ ನಾಲ್ಕು ಕಾಸು ತೀರದೆ ಗಂಡನ ಜೊತೆಗೆ ಹೆಂಡತಿಯ ದುಡಿಮೆಯೂ ಅದಕ್ಕೆ ಜಮೆಯಾಗುತ್ತಿತ್ತು, ಆಮೇಲೆ ಮಕ್ಕಳದ್ದು. ಪ್ರತಿಫಲವೇ ಇರಲಿಲ್ಲ ಎನ್ನುವಂತಿಲ್ಲ. ಗಂಡಾಳಿಗೆ ದಿನಕ್ಕೆ ಇಷ್ಟು ಸೇರು ಭತ್ತ ಅಥವಾ ಅಕ್ಕಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಇನ್ನೂ ಕಡಿಮೆ. ಹಬ್ಬಕ್ಕೆ ಬಟ್ಟೆ, ಎಣ್ಣೆ, ತೆಂಗಿನಕಾಯಿ. ಗುಡಿಸಲು ಕಟ್ಟಿಕೊಳ್ಳಲು ಧಣಿಯ ಗುಡ್ಡೆಯ ಮೂಲೆ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕ ಇಡೀ ಸೀಮೆಗೆ ಬಾಯಿಪಾಠವಾಗಿತ್ತು. ಮುಡಿ ಕಟ್ಟಿದವರು ಆಳುಗಳು. ಸೇರು ಹಿಡಿದು ಅಳೆದವರು ಅವರಲ್ಲ.

ಈ ಲೆಕ್ಕ ಎಷ್ಟು ಹಳೆಯದು ಎನ್ನಲು ಮೆಸೊಪೊಟೇಮಿಯಾದ ಜೇಡಿಮಣ್ಣಿನ ಹಲಗೆಗಳನ್ನು ನೋಡಬೇಕು. ನಾಲ್ಕು ಸಾವಿರ ವರ್ಷಗಳ ಹಿಂದೆ, ಉರ್ ನಗರದ ಮೂರನೆಯ ರಾಜವಂಶದ ಕಾಲದಲ್ಲಿ, ಸರ್ಕಾರಿ ಹೊಲ ಮತ್ತು ನೇಯ್ಗೆಮನೆಗಳಲ್ಲಿ ದುಡಿಯುವವರಿಗೆ ತಿಂಗಳಿಗಿಷ್ಟು ಬಾರ್ಲಿ ಅಳೆದು ಕೊಡುತ್ತಿದ್ದರು. ಅಳತೆಯ ಹೆಸರು ಸಿಲ, ಹೆಚ್ಚುಕಡಿಮೆ ನಮ್ಮ ಒಂದು ಲೀಟರು. ಗಂಡಸಿಗೆ ಸಾಮಾನ್ಯವಾಗಿ 60 ಸಿಲ, ಹೆಂಗಸಿಗೆ 30. ಭಾಷೆ ಬೇರೆ, ಧಾನ್ಯ ಬೇರೆ, ಆಕಾಶದಲ್ಲಿ ಮಳೆಯೇ ಬೇರೆ. ಹೆಂಗಸಿನ ಪಾಲು ಮಾತ್ರ ಅಲ್ಲೂ ಕಡಿಮೆ, ಇಲ್ಲೂ ಕಡಿಮೆ.

ಕರಾವಳಿಯ ಹಳೆಯ ಮನೆತನಗಳ ಜಗಲಿಯಲ್ಲಿ ಇಂದಿಗೂ ಒಂದು ಮಾತು ಕೇಳಿಬರುತ್ತದೆ: ಆಳುಗಳನ್ನು ಮನೆಮಕ್ಕಳ ಹಾಗೆ ನೋಡಿಕೊಳ್ಳುತ್ತಿದ್ದೆವು, ಅವರಿಗೆ ಅನ್ನಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ಹೇಳುವವರ ಮನಸ್ಸು ಕೆಟ್ಟದೆನ್ನಬೇಕಿಲ್ಲ. ಎಷ್ಟೋ ಕಡೆ ಕಾಯಿಲೆ ಬಿದ್ದಾಗ ಕಷಾಯ ಕೊಟ್ಟದ್ದೂ ಹೆರಿಗೆಗೆ ಅಕ್ಕಿ ಕಳಿಸಿದ್ದೂ ನಿಜವೇ. ಆದರೆ ಮನೆಮಕ್ಕಳಿಗೆ ಅಂಗಳದಾಚೆ ನಿಲ್ಲಿಸಿ ಊಟ ಹಾಕುವುದಿಲ್ಲ. ಮನೆಮಕ್ಕಳನ್ನು ಗದ್ದೆಯ ಜೊತೆ ಸೇರಿಸಿ ಬರೆದುಕೊಡುವುದಿಲ್ಲ. ಹೊಟ್ಟೆ ತುಂಬಿಸಿದ್ದನ್ನು ತೋರಿಸಿ ಬಿಡುಗಡೆಯ ಪ್ರಶ್ನೆಯನ್ನು ಮುಚ್ಚುವುದು ತಪ್ಪು. ಪ್ರಾಚೀನ ಸಮಾಜಗಳನ್ನು ನೋಡಿದಷ್ಟೂ ಸ್ಪಷ್ಟವಾಗುವ ಸಂಗತಿ ಇದು: ಕೂಲಿ ಸಿಗುವುದೂ ಸ್ವತಂತ್ರನಾಗಿರುವುದೂ ಬೇರೆ ಬೇರೆ. ಎರಡನ್ನೂ ಒಂದೇ ಎಂದು ನಂಬಿದ್ದರಿಂದಲೇ ಸೆರೆ ಇಷ್ಟು ದಿನ ಬಾಳಿತು.

ಅಥೆನ್ಸ್ ನಗರದ ಉದಾಹರಣೆ ಇದಕ್ಕೆ ಕನ್ನಡಿ. ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಕೋಟೆಗುಡ್ಡದ ಮೇಲೆ ಎರೆಕ್ಥಿಯಾನ್ ದೇವಾಲಯ ಕಟ್ಟಿದಾಗ ಖರ್ಚಿನ ಲೆಕ್ಕವನ್ನು ಕಲ್ಲಿನ ಮೇಲೆ ಕೊರೆದಿಟ್ಟರು. ಯಾವ ವರ್ಗದವರೆಂದು ಗುರುತಿಸಬಹುದಾದ 86 ಕೆಲಸಗಾರರಲ್ಲಿ 24 ಮಂದಿ ನಾಗರಿಕರು, 42 ಮಂದಿ ಹೊರಗಿನಿಂದ ಬಂದು ನೆಲೆಸಿದವರು, 20 ಮಂದಿ ಗುಲಾಮರು. ಕಂಬಕ್ಕೆ ಗೆರೆ ಕೊರೆಯುವ ಕೆಲಸಕ್ಕೆ ಮೂವರೂ ಒಟ್ಟಿಗೇ ಕೂತಿದ್ದಾರೆ. ದಿನಗೂಲಿ ಮೂವರಿಗೂ ಒಂದೇ, ಒಂದು ದ್ರಾಕ್ಮ. ಸಮಾನ ಕೆಲಸಕ್ಕೆ ಸಮಾನ ಕೂಲಿ! ಆದರೆ ಸಂಜೆ ಗುಲಾಮನ ದ್ರಾಕ್ಮ ಹೋಗುವುದು ಯಜಮಾನನ ಕೈಗೆ. ಲೆಕ್ಕದ ಕಲ್ಲಿನಲ್ಲಿ ಕಾಣುವ ಸಮಾನತೆ ಮನೆಯ ಹೊಸಿಲಿನಲ್ಲಿ ಮುಗಿಯುತ್ತಿತ್ತು.

ಇದಕ್ಕೆ ಎದುರಾಗಿ ಈಜಿಪ್ಟಿನ ದೇರ್ ಎಲ್ ಮದೀನಾ ಎಂಬ ಊರಿನ ಕಥೆಯಿದೆ. ಅದರ ಮುಂದೆ ತುಸು ಹೊತ್ತು ನಿಲ್ಲಬೇಕು. ಇಂದಿನ ಲುಕ್ಸಾರಿನ ಎದುರು ದಡದಲ್ಲಿ, ರಾಜರ ಕಣಿವೆಯಲ್ಲಿ ಫೆರೋಗಳ ಗೋರಿಗಳನ್ನು ಕೊರೆದು ಬಣ್ಣ ಬಳಿಯುವ ಕೆಲಸಗಾರರಿಗೆಂದೇ ಕಟ್ಟಿದ ಊರು ಅದು. ಸುತ್ತ ಗೋಡೆ. ಕೆಲಸ ಅಪ್ಪನಿಂದ ಮಗನಿಗೆ. ತಿಂಗಳ ಸಂಬಳ ಧಾನ್ಯದಲ್ಲಿ: ಸಾಮಾನ್ಯ ಕೆಲಸಗಾರನಿಗೆ ನಾಲ್ಕು ಖಾರ್ ಗೋಧಿ, ಒಂದೂವರೆ ಖಾರ್ ಬಾರ್ಲಿ. ಎರಡೂ ಸೇರಿ ನಾನೂರು ಲೀಟರಿಗೂ ಹೆಚ್ಚು. ನೀರು ಹೊರುವವರು, ಬಟ್ಟೆ ಒಗೆಯುವವರು, ಮೀನು ತರುವವರನ್ನೂ ಸರ್ಕಾರವೇ ಗೊತ್ತುಮಾಡಿತ್ತು.

ಅಲ್ಲಿಯ ಗುಮಾಸ್ತರು ಒಡೆದ ಕಲ್ಲಿನ ಚೂರುಗಳ ಮೇಲೆ ಬರೆದಿಟ್ಟ ಹಾಜರಿಪಟ್ಟಿಗಳು ಸಿಕ್ಕಿವೆ. ಎರಡನೆಯ ರಾಮ್ಸೆಸ್ಸನ 40ನೆಯ ವರ್ಷದ ಒಂದು ಪಟ್ಟಿಯಲ್ಲಿ ಯಾರು ಯಾವ ದಿನ ಏಕೆ ಬರಲಿಲ್ಲ ಎಂಬುದೆಲ್ಲ ಇದೆ. ಒಬ್ಬನಿಗೆ ಚೇಳು ಕಚ್ಚಿತ್ತು. ಇನ್ನೊಬ್ಬ ಸತ್ತ ಬಂಧುವಿನ ಉತ್ತರಕ್ರಿಯೆಯಲ್ಲಿದ್ದ. ಮತ್ತೊಬ್ಬ ಹಬ್ಬಕ್ಕೆ ಮದ್ಯ ಕಾಯಿಸುತ್ತಿದ್ದ. ಮೂರು ಸಾವಿರ ವರ್ಷಗಳ ಹಿಂದೆ ಕೂಲಿಯವನೊಬ್ಬನಿಗೆ ಚೇಳು ಕಚ್ಚಿದ್ದು ದಾಖಲೆಯಾಗಿ ಉಳಿದಿದೆ. ತುಳುನಾಡಿನ ಗದ್ದೆಯಲ್ಲಿ ಹಾವು ಕಚ್ಚಿ ಸತ್ತ ಮೂಲದಾಳುಗಳ ಹೆಸರು ಯಾವ ಪಟ್ಟಿಯಲ್ಲಿದೆ?

ಮೂರನೆಯ ರಾಮ್ಸೆಸ್ಸನ 29ನೆಯ ವರ್ಷ, ಎಂದರೆ ಸುಮಾರು ಕ್ರಿ.ಪೂ. 1157ರಲ್ಲಿ, ಧಾನ್ಯ ಬರುವುದು ತಡವಾಯಿತು. ಕಾದರು. ಬರಲಿಲ್ಲ. ಕೆಲಸಗಾರರು ಉಳಿ ಸುತ್ತಿಗೆ ಕೆಳಗಿಟ್ಟು ಕಾವಲು ಗೋಡೆ ದಾಟಿ ಹೊರಟು, ಹಳೆಯ ರಾಜನೊಬ್ಬನ ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವಾಗಿದೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ರಾಜನಿಗೆ ಬರೆದು ತಿಳಿಸಿ ಎಂದರು. ಅಧಿಕಾರಿಗಳು ಮೊದಲು ಸಮಾಧಾನದ ಮಾತಾಡಿದರು, ಆಮೇಲೆ ಬಾಕಿ ಧಾನ್ಯ ಕೊಟ್ಟರು. ಮತ್ತೆ ತಡವಾಯಿತು, ಮತ್ತೆ ಹೋಗಿ ಕುಳಿತರು. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಇದು. ಇದರ ವರದಿ ಇರುವ ಪಪೈರಸ್ ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಇವರು ಇಂದಿನ ಅರ್ಥದಲ್ಲಿ ಸ್ವತಂತ್ರರಲ್ಲ. ಆದರೂ ಏಳಲು ಬಂದದ್ದು ಹೇಗೆ? ಅವರಲ್ಲಿ ಓದುಬರಹ ಬಲ್ಲವರಿದ್ದರು. ತಮಗೆ ಬರಬೇಕಾದದ್ದು ಎಷ್ಟು ಖಾರ್, ಬಂದದ್ದು ಎಷ್ಟು, ಬಾಕಿ ಎಷ್ಟು ದಿನದ್ದು ಎಂಬುದು ಅವರಿಗೆ ಗೊತ್ತಿತ್ತು. ಊರಿನ ಗುಮಾಸ್ತನೇ ಅದನ್ನು ಬರೆದಿಟ್ಟಿದ್ದ. ಲೆಕ್ಕ ಕೈಯಲ್ಲಿದ್ದುದರಿಂದ ಅವರು ಕೇಳಿದ್ದು ಬಾಕಿಯನ್ನು. ಮೂಲದಾಳು ಕೇಳಬಹುದಾಗಿದ್ದುದು ದಯೆಯನ್ನಷ್ಟೇ, ಏಕೆಂದರೆ ಸೇರೂ ಲೆಕ್ಕವೂ ಧಣಿಯ ಚಾವಡಿಯಲ್ಲಿದ್ದವು.

ಸಾಲದ ವಿಷಯದಲ್ಲಿ ಹಳೆಯ ಲೋಕ ನಮಗೆ ಇನ್ನೂ ನಾಚಿಕೆ ತರಿಸುತ್ತದೆ. ಬ್ಯಾಬಿಲೋನಿನ ಹಮ್ಮುರಾಬಿಯ ಕಾನೂನು ಹೆಸರಾದದ್ದು ಅದರ ಕಟು ಶಿಕ್ಷೆಗಳಿಗೆ. ಅದರ 117ನೆಯ ವಿಧಿ ಮಾತ್ರ ಹೇಳುವುದು ಬೇರೆ: ಸಾಲಕ್ಕೆಂದು ಹೆಂಡತಿಯನ್ನೋ ಮಕ್ಕಳನ್ನೋ ದುಡಿಮೆಗೆ ಒಪ್ಪಿಸಿದ್ದರೆ ಅವರು ಮೂರು ವರ್ಷ ದುಡಿಯಬೇಕು, ನಾಲ್ಕನೆಯ ವರ್ಷ ಬಿಡುಗಡೆಯಾಗಬೇಕು. ಕ್ರಿ.ಪೂ. 594ರಲ್ಲಿ ಸೋಲೊನ್ ಅಥೆನ್ಸಿನಲ್ಲಿ ದೇಹವನ್ನೇ ಒತ್ತೆಯಿಟ್ಟು ಸಾಲ ಪಡೆಯುವ ಪದ್ಧತಿ ನಿಲ್ಲಿಸಿದ. ರೋಮ್ ಕ್ರಿ.ಪೂ. 326ರ ಸುಮಾರಿಗೆ ಅದನ್ನೇ ಮಾಡಿತು. ಇವೆಲ್ಲ ಗುಲಾಮಗಿರಿಯನ್ನು ಬಿಟ್ಟ ಸಮಾಜಗಳಲ್ಲ. ಅಥೆನ್ಸೂ ರೋಮೂ ತಮ್ಮವರನ್ನು ಬಿಡಿಸಿ ಹೊರಗಿನವರನ್ನು ಕೊಂಡವು. ಹಾಗಿದ್ದರೂ ಸಾಲಕ್ಕೆ ಸಿಕ್ಕವನ ದುಡಿಮೆಗೆ ಒಂದು ಕೊನೆ ಇರಬೇಕೆಂಬ ಎಚ್ಚರ ಬ್ಯಾಬಿಲೋನಿಗೆ ಇತ್ತು. ಮದುವೆಯ ಸಾಲಕ್ಕೆ ಮೂರು ತಲೆಮಾರು ದುಡಿಸಿಕೊಂಡ ಕರಾವಳಿಗೆ ಇರಲಿಲ್ಲ.

ನಮ್ಮ ದೇಶದಲ್ಲೂ ಈ ಚಿಂತೆ ಇರಲಿಲ್ಲವೆಂದಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇರುವಂಥ ಅಶೋಕನ ಬಂಡೆಶಾಸನಗಳು ದಾಸರ ಮತ್ತು ಭೃತಕರ, ಎಂದರೆ ಕೂಲಿಯಾಳುಗಳ, ಜೊತೆ ಸರಿಯಾಗಿ ನಡೆದುಕೊಳ್ಳುವುದನ್ನು ಧರ್ಮದ ಮೊದಲ ಲಕ್ಷಣಗಳಲ್ಲಿ ಎಣಿಸುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ವಿವರಕ್ಕೆ ಇಳಿಯುತ್ತದೆ. ಕೂಲಿ ಮೊದಲೇ ಮಾತಾಡಿಕೊಂಡಿದ್ದರೆ ಅಷ್ಟನ್ನು ಕೊಡಬೇಕು. ಮಾತಾಗಿಲ್ಲದಿದ್ದರೆ ಬೇಸಾಯದ ಆಳಿಗೆ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತನೆಯ ಒಂದು ಪಾಲು. ಹತ್ತನೆಯ ಪಾಲು ದೊಡ್ಡದಲ್ಲ. ಆದರೆ ಮಾತಾಡದೆ ದುಡಿದವನಿಗೂ ಹಕ್ಕಿನ ಪಾಲೊಂದು ಉಂಟೆಂದು ಬರೆದಿಟ್ಟರಲ್ಲ, ಗಮನಿಸಬೇಕಾದದ್ದು ಅದು.

ತುಳುನಾಡಿಗೆ ಬಿಡುಗಡೆ ಬಂದದ್ದು ತುಂಡುತುಂಡಾಗಿ. 1843ರ 5ನೆಯ ಕಾಯ್ದೆ ಬಂದಮೇಲೆ ಕಂಪನಿ ಸರ್ಕಾರದ ನ್ಯಾಯಾಲಯಗಳು ಮನುಷ್ಯನನ್ನು ಆಸ್ತಿಯೆಂದು ಒಪ್ಪುವುದನ್ನು ಬಿಟ್ಟವು. ಹದಿನಾರೇ ವರ್ಷಕ್ಕೆ, 1859ರಲ್ಲಿ, ಇನ್ನೊಂದು ಕಾಯ್ದೆ ಬಂತು. ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟು ಹೋದರೆ ಅದು ಅಪರಾಧ, ಜೈಲಿಗೂ ಹಾಕಬಹುದು! ಒಂದು ಬಾಗಿಲು ತೆರೆದ ಕೈಯೇ ಇನ್ನೊಂದನ್ನು ಮುಚ್ಚಿತು. ಗದ್ದೆಯ ಕಟ್ಟಿನಿಂದ ತಪ್ಪಿಸಿಕೊಳ್ಳಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದವರನ್ನು ಅಲ್ಲಿ ಮುಂಗಡದ ಕಟ್ಟು ಕಾಯುತ್ತಿತ್ತು. ಶಿವರಾಮ ಕಾರಂತರ 1933ರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಅಲ್ಲಿಗೇ. ಚೋಮನ ಆಸೆಯಾದರೋ ಹೆಚ್ಚಿನ ಕೂಲಿಯದ್ದಲ್ಲ, ಸ್ವಂತಕ್ಕೆ ಉಳಲು ಒಂದು ತುಂಡು ಗದ್ದೆಯದು. ಅವನ ಜಾತಿಗೆ ಅದು ಸಲ್ಲದೆಂಬುದೇ ಕಟ್ಟಳೆಯಾಗಿತ್ತು. ಆ ಕಾದಂಬರಿಯನ್ನು ಬಿ.ವಿ. ಕಾರಂತರು ಚಿತ್ರ ಮಾಡಿದ ವರ್ಷ 1975. ಅದೇ ವರ್ಷದ ಅಕ್ಟೋಬರಿನಲ್ಲಿ ದೇಶದಾದ್ಯಂತ ಜೀತಪದ್ಧತಿ ರದ್ದತಿಯ ಸುಗ್ರೀವಾಜ್ಞೆ ಹೊರಬಿತ್ತು. ಜೀತದ ಸಾಲಗಳೆಲ್ಲ ತೀರಿದಂತೆ ಎಂದು ಅದು ಸಾರಿತು.

ಕಾನೂನಿಗಿಂತ ಮೊದಲೇ ನಡೆದವರಿದ್ದರು. 1859ರಲ್ಲಿ ಇದೇ ಕಾಸರಗೋಡಿನ ಕುದ್ಮುಲಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರ ಮಿಷನ್ ಕಟ್ಟಿದರು. ಶಾಲೆ, ಮನೆಕಟ್ಟಲು ಜಾಗ, ಕೈಕಸುಬಿನ ತರಬೇತಿ, ಮೂರನ್ನೂ ಒಟ್ಟಿಗೆ ಹಿಡಿದರು. ಲೆಕ್ಕ ಓದಲು ಬಾರದವನಿಗೆ, ಹೊರಟುಹೋಗಿ ನಿಲ್ಲಲು ನೆಲೆಯಿಲ್ಲದವನಿಗೆ, ಬೇರೆ ಕಸುಬು ಗೊತ್ತಿಲ್ಲದವನಿಗೆ ಬರೀ ಕೂಲಿ ಹೆಚ್ಚಿಸಿ ಪ್ರಯೋಜನವಿಲ್ಲವೆಂದು ಅವರು ಕಂಡುಕೊಂಡಿದ್ದರು. ಜಾತಿಯವರ ಬಹಿಷ್ಕಾರ ತಡೆದುಕೊಂಡು ಮಾಡಿದ ಕೆಲಸ ಅದು. ಅವರ ಹುಟ್ಟೂರಿನ ಜಿಲ್ಲೆಯಲ್ಲಿ ಅವರ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.

ನೆಲೆಯ ಮಾತು ದೊಡ್ಡದು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಪೂರ್ಣವಾಗಿ ಜಾರಿಗೆ ಬಂದಾಗ ಗೇಣಿದಾರರಿಗೆ ಗದ್ದೆ ಸಿಕ್ಕಿತು. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸ್ ತನಕ ಹಕ್ಕು ಸಿಕ್ಕಿತು. ಹತ್ತು ಸೆಂಟ್ಸಿನಲ್ಲಿ ಭತ್ತ ಬೆಳೆದು ಬದುಕಲಾಗದು. ಆದರೆ ಬೆಳಿಗ್ಗೆ ಕೆಲಸಕ್ಕೆ ಬರುವುದಿಲ್ಲ ಎಂದರೆ ಸಂಜೆಯೊಳಗೆ ಗುಡಿಸಲು ಕೀಳಿಸುವ ಧಣಿಯ ಬಲ ಅಲ್ಲಿಗೆ ಮುಗಿಯಿತು. ಉಳುವ ಭೂಮಿ ಕೂಲಿಕಾರನ ಕೈಗೆ ಬರಲಿಲ್ಲ ಎಂಬ ಕೊರಗು ನ್ಯಾಯವಾದದ್ದು. ‘ಬರುವುದಿಲ್ಲ’ ಎನ್ನುವ ಹಕ್ಕು ಬಂದದ್ದೂ ಸಣ್ಣದಲ್ಲ.

ಕೊರಗರ ಪಾಲಿಗೆ ಇದೂ ತಡವಾಗಿ ಬಂತು. ಬುಟ್ಟಿ ಹೆಣೆಯುವ ಈ ಸಮುದಾಯ ಮಂಜೇಶ್ವರದ ಸುತ್ತಲೂ ಇದೆ, ತಲಪಾಡಿಯ ಆಚೆಗೂ ಇದೆ. ಅಜಲು ಎಂಬ ಹೆಸರಿನಲ್ಲಿ ಅವರಿಂದ ಮಾಡಿಸಿಕೊಂಡದ್ದನ್ನು ಬರೆಯಲು ಕೈ ನಡುಗುತ್ತದೆ: ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಕರ್ನಾಟಕ ಇದನ್ನು ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಹಣ ಕೊಟ್ಟು ಮಾಡಿಸಿಕೊಂಡರೂ, ಕೊಡದೆ ಮಾಡಿಸಿಕೊಂಡರೂ ಅಜಲು ಅಜಲೇ ಎಂಬ ಅರ್ಥದ ಮಾತು ಸೇರಿದೆ. ಕೂಲಿ ಕೊಟ್ಟಿದ್ದೇವೆ ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಕೊರಗ ತನಿಯನನ್ನು ಕೊರಗಜ್ಜನೆಂದು ಎಲ್ಲ ಜಾತಿಯವರೂ ನಂಬಿ, ಕಳೆದುಹೋದ ವಸ್ತು ಸಿಗಲೆಂದು ಹರಕೆ ಹೊರುವ ಸೀಮೆಯಿದು. ಅವನ ಕುಲದವರ ಕಳೆದುಹೋದ ಮರ್ಯಾದೆಯನ್ನು ಹುಡುಕಿಕೊಡುವ ಹೊಣೆ ಆ ಭಕ್ತರದೇ.

1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಹೆಜ್ಜೆ ಇಟ್ಟಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಹಸಿವೂ ಒಂದು ಬಲವಂತ ಎಂಬುದನ್ನು ನ್ಯಾಯಾಲಯ ಒಪ್ಪಿತು. ಯಾರೂ ಅವನನ್ನು ಕಟ್ಟಿಹಾಕಿಲ್ಲ, ಇಷ್ಟವಿಲ್ಲದಿದ್ದರೆ ಹೋಗಲಿ ಎನ್ನುವವರು ಓದಬೇಕಾದ ತೀರ್ಪು.

ಕುಂಜತ್ತೂರಿನ ಎದೆಯ ಮೇಲೆಯೇ ಹಾದುಹೋಗುವ ಆರು ಪಥದ ಹೆದ್ದಾರಿಯಲ್ಲಿ, ಲೆಕ್ಕ ಯಾರ ಕೈಯಲ್ಲಿ ಎಂಬ ಪ್ರಶ್ನೆಗೊಂದು ಭರವಸೆಯ ಉತ್ತರವೂ ಇದೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರಿನ ಗುತ್ತಿಗೆ ಹಿಡಿದದ್ದು ಉರಾಲುಂಗಲ್ ಕಾರ್ಮಿಕರ ಸಹಕಾರ ಸಂಘ. ಸಮಾಜಸುಧಾರಕ ವಾಗ್ಭಟಾನಂದರ ಹಾದಿ ಹಿಡಿದರೆಂದು ಕೆಲಸ ಕೊಡದೆ ದೂರವಿಟ್ಟಾಗ ವಡಗರ ಕಡೆಯ 14 ಮಂದಿ 1925ರಲ್ಲಿ ತಾವೇ ಕಟ್ಟಿಕೊಂಡ ಸಂಘ ಅದು. ಕೂಲಿಯಾಳುಗಳೇ ಒಡೆಯರು, ಲೆಕ್ಕದ ಪುಸ್ತಕ ಅವರದೇ. ನೂರು ವರ್ಷಗಳಲ್ಲಿ ಅದು ಸೇತುವೆ, ಹೆದ್ದಾರಿ ಕಟ್ಟುವ ಸಂಸ್ಥೆಯಾಗಿ ಬೆಳೆದಿದೆ. ಬೀಡಿಯ ಕಥೆಯೂ ಹತ್ತಿರದ್ದೇ. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಯಾಗುವ ಹೊತ್ತಿಗೆ ಮಂಗಳೂರು ಕಡೆಯ ಬೀಡಿ ವ್ಯವಹಾರ ಕಣ್ಣೂರಿನಲ್ಲಿ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಕುಂಜತ್ತೂರಿನ ಜಗಲಿಗಳಲ್ಲಿ ಮಾತ್ರ ಹೆಂಗಸರು ಇಂದಿಗೂ ಸಾವಿರಕ್ಕಿಷ್ಟು ಎಂದು ಕಟ್ಟುತ್ತಾರೆ. ಯಾವ ಬೀಡಿ ಸರಿ, ಯಾವುದು ಕಳಪೆ ಎಂದು ತೀರ್ಮಾನಿಸುವ ಕೈ ಅವರದಲ್ಲ.

ಇನ್ನು ದೂರದ ಹುಡುಗರು. ರಿಸರ್ವ್ ಬ್ಯಾಂಕಿನ 2022–23ರ ಲೆಕ್ಕದಲ್ಲಿ ಕೇರಳದ ಕೃಷಿ ಕೂಲಿ ದಿನಕ್ಕೆ 764 ರೂಪಾಯಿ, ದೇಶದ ಸರಾಸರಿ 345. ಅದಕ್ಕೇ ಅವರು ಎರಡು ದಿನ ರೈಲಿನಲ್ಲಿ ಕೂತು ಬರುತ್ತಾರೆ. ಬರುವಾಗ ಊರಿನಲ್ಲಿ ಮುಂಗಡ ಕೊಟ್ಟವನು ಯಾರು, ತಿಂಗಳ ಕೊನೆಗೆ ಊಟಕ್ಕೆ ಕೋಣೆಗೆ ಎಷ್ಟು ಮುರಿದುಕೊಂಡರು ಎಂಬುದು ಸೂಪರ್‌ವೈಸರನ ಡೈರಿಯಲ್ಲಿರುತ್ತದೆ, ಅವರ ಜೇಬಿನಲ್ಲಿರುವುದಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಇದನ್ನು ಬಲ್ಲದ್ದಾಗಿತ್ತು. ಪ್ರತಿಯೊಬ್ಬನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೂಲಿ, ಕಡಿತ ಎಲ್ಲವೂ ಇರಬೇಕು, ಅವನ ಭಾಷೆಯಲ್ಲೂ ಇರಬೇಕು ಎಂದು ಅದು ಬರೆದಿತ್ತು. ದೇರ್ ಎಲ್ ಮದೀನಾದ ಕಲ್ಲಿನ ಚೂರುಗಳಲ್ಲಿ ಇದ್ದದ್ದೂ ಅದೇ.

ಮಂಜೇಶ್ವರ ತಾಲೂಕಿನಲ್ಲಿ ಮನೆ ಕಟ್ಟಿಸುವವರು, ತೋಟಕ್ಕೆ ಆಳು ಕರೆಯುವವರು, ದೋಣಿಗೆ ಜನ ಹಿಡಿಯುವವರು ಸರ್ಕಾರಕ್ಕಾಗಿ ಕಾಯಬೇಕಾಗಿಲ್ಲ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಬಂದ ದಿನ, ಕೊಟ್ಟ ಕೂಲಿ, ಕೊಟ್ಟ ಮುಂಗಡ, ಹಿಡಿದುಕೊಂಡ ಹಣ, ಇಷ್ಟನ್ನು ಬರೆಯಿರಿ. ಬಂಗಾಳಿಯೋ ಒಡಿಯಾವೋ ಬಲ್ಲ ಹುಡುಗನೊಬ್ಬ ಜೊತೆಯಲ್ಲೇ ಇರುತ್ತಾನೆ, ಅವನಿಂದ ಅವರ ಅಕ್ಷರದಲ್ಲೂ ಬರೆಸಿರಿ. ಆಮೇಲೆ ಆ ಪುಸ್ತಕವನ್ನು ದುಡಿಯುವವನ ಕೈಗೇ ಕೊಡಿ.